ಜೋ ಗ್ಯಾನ್ಸ್ ಅವರ ಹೆಸರನ್ನು ಅದರ ಜಾಗದಲ್ಲಿ ಬರೆಯಿರಿ: ಕನ್ನಡದ ಕ್ರೀಡಾ ಬರಹಗಾರರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಕ್ರೀಡೆಯ ಇತಿಹಾಸ ಬರೆಯುವ ಲೇಖಕರಿಗೆ, ಅದನ್ನು ತಿದ್ದಿ ಅಚ್ಚಿಗೆ ಕೊಡುವ ಸಂಪಾದಕರಿಗೆ, ಮಕ್ಕಳಿಗಾಗಿ ಸಾಮಾನ್ಯ ಜ್ಞಾನದ ಪುಸ್ತಕಗಳನ್ನೂ ರಸಪ್ರಶ್ನೆಗಳನ್ನೂ ಸಿದ್ಧಪಡಿಸುವ ಎಲ್ಲ ಹಿರಿಯರಿಗೆ ಮತ್ತು ಗೆಳೆಯರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ನಾನು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಇಪ್ಪತ್ತಾರು ವರ್ಷಗಳಿಂದ ನೆಲೆಸಿರುವ ಕನ್ನಡಿಗ. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ದುಡಿದು ಈಗ ನಿವೃತ್ತನಾಗಿದ್ದೇನೆ. ಬಾಕ್ಸಿಂಗ್ ನನ್ನ ವೃತ್ತಿಯಲ್ಲ. ಆದರೆ ನಾನು ಅನ್ನ ಕಂಡುಕೊಂಡ ಈ ಊರಿನ ಮಗ, ಬಾಕ್ಸರ್ ಜೋ ಗ್ಯಾನ್ಸ್ ಅವರಿಗೆ ನನ್ನ ತಾಯ್ನುಡಿಯ ಬರಹಗಳಲ್ಲಿ ವರ್ಷಗಳಿಂದ ಅನ್ಯಾಯವಾಗುತ್ತಿರುವುದನ್ನು ಕಂಡು ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಕಡೆಯ ಕನ್ನಡ ಕೂಟವೊಂದು ರಾಜ್ಯೋತ್ಸವದ ದಿನ ಮಕ್ಕಳಿಗಾಗಿ ರಸಪ್ರಶ್ನೆ ಏರ್ಪಡಿಸಿತ್ತು. ಕ್ರೀಡೆಯ ಸುತ್ತಿನಲ್ಲಿ ‘ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಕಪ್ಪು ವರ್ಣೀಯ ಯಾರು?’ ಎಂಬ ಪ್ರಶ್ನೆ ಬಂತು. ಬಾಲ್ಟಿಮೋರಿನಲ್ಲೇ ಹುಟ್ಟಿ ಬೆಳೆಯುತ್ತಿರುವ, ಕನ್ನಡವನ್ನು ತಡವರಿಸುತ್ತ ಮಾತನಾಡುವ ಹನ್ನೊಂದು ವರ್ಷದ ಹುಡುಗನೊಬ್ಬ ಎದ್ದು ನಿಂತು ‘ಜೋ ಗ್ಯಾನ್ಸ್’ ಎಂದ. ತಪ್ಪು ಉತ್ತರವೆಂದು ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಲಾಯಿತು. ಆ ತಂಡ ಹೇಳಿದ ‘ಜ್ಯಾಕ್ ಜಾನ್ಸನ್’ ಎಂಬ ಉತ್ತರಕ್ಕೆ ಅಂಕ ಸಿಕ್ಕಿತು, ಚಪ್ಪಾಳೆಯೂ ಸಿಕ್ಕಿತು. ‘ಗ್ಯಾನ್ಸ್ ನಮ್ಮ ಊರಿನವರು, 1902ರಲ್ಲೇ ಗೆದ್ದಿದ್ದಾರೆ’ ಎಂದು ಹುಡುಗ ಮತ್ತೆ ಹೇಳಲು ಹೋದಾಗ ಸಭೆಯಲ್ಲಿ ಕೆಲವರು ನಕ್ಕರು. ನಾನು ಮೂರನೆಯ ಸಾಲಿನಲ್ಲಿ ಕುಳಿತು ಇದನ್ನೆಲ್ಲ ಕಣ್ಣಾರೆ ಕಂಡೆ.

ಕಾರ್ಯಕ್ರಮ ಮುಗಿದ ಮೇಲೆ ರಸಪ್ರಶ್ನೆ ನಡೆಸಿದವರ ಬಳಿ ಹೋಗಿ ವಿಚಾರಿಸಿದೆ. ಅವರು ಸಜ್ಜನರು, ಬೇಸರಪಟ್ಟುಕೊಳ್ಳದೆ, ತಾವು ಪ್ರಶ್ನೆ ಆರಿಸಿಕೊಂಡ ಕನ್ನಡ ಪುಸ್ತಕವನ್ನೇ ತೆರೆದು ತೋರಿಸಿದರು. ‘1908ರಲ್ಲಿ ಗೆದ್ದ ಜ್ಯಾಕ್ ಜಾನ್ಸನ್ ವಿಶ್ವದ ಮೊದಲ ಕಪ್ಪು ಬಾಕ್ಸಿಂಗ್ ಚಾಂಪಿಯನ್’ ಎಂದು ಅದರಲ್ಲಿ ಅಚ್ಚಾಗಿತ್ತು. ಮನೆಗೆ ಬಂದು ನನ್ನಲ್ಲಿದ್ದ ಬೇರೆ ಕನ್ನಡ ಬರಹಗಳನ್ನು ತೆಗೆದು ನೋಡಿದೆ. ಅದೇ ವಾಕ್ಯ ಹಿಂದುಮುಂದಾಗಿ ಒಂದರಿಂದ ಇನ್ನೊಂದಕ್ಕೆ ಹರಿದು ಬಂದಿತ್ತು. ಆದ್ದರಿಂದಲೇ ನನ್ನ ದೂರು ಆ ಕೂಟದ ಮೇಲಿಲ್ಲ. ಅವರು ನಂಬಿದ ಬರಹ ನಮ್ಮದು, ನಿಮ್ಮದು.

ಮೊದಲು ಸಂಗತಿಯನ್ನು ನೇರ ಮಾಡಿಕೊಳ್ಳೋಣ. ಬಾಕ್ಸಿಂಗ್‌ನಲ್ಲಿ ಆಡುವವರ ಮೈತೂಕಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಗಳಿವೆ, ಒಂದೊಂದಕ್ಕೂ ಒಂದೊಂದು ಪಟ್ಟ. ಹಗುರದಿಂದ ಭಾರಕ್ಕೆ ಬ್ಯಾಂಟಮ್‌ವೇಟ್, ಫೆದರ್‌ವೇಟ್, ಲೈಟ್‌ವೇಟ್, ವೆಲ್ಟರ್‌ವೇಟ್ ಹೀಗೆ ಸಾಗಿ ಅತಿ ಭಾರದವರದು ಹೆವಿವೇಟ್. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಹುಟ್ಟಿದ ಜಾರ್ಜ್ ಡಿಕ್ಸನ್ 1890ರಲ್ಲಿ ಲಂಡನ್ನಿನಲ್ಲಿ ನಂಕ್ ವಾಲೇಸ್ ಅವರನ್ನು ಸೋಲಿಸಿ ಬ್ಯಾಂಟಮ್‌ವೇಟ್ ಪಟ್ಟ ಪಡೆದರು, ಮುಂದೆ ಫೆದರ್‌ವೇಟ್ ಪಟ್ಟವನ್ನೂ ಗೆದ್ದರು. ಬಾರ್ಬಡೋಸ್‌ನ ಮೂಲದವರೆಂದೇ ಹೆಸರಾದ ಜೋ ವಾಲ್ಕಾಟ್ 1901ರ ಡಿಸೆಂಬರಿನಲ್ಲಿ ವೆಲ್ಟರ್‌ವೇಟ್ ಚಾಂಪಿಯನ್ ಆದರು. ಬಾಲ್ಟಿಮೋರಿನ ಜೋ ಗ್ಯಾನ್ಸ್ 1902ರ ಮೇ 12ರಂದು ಲೈಟ್‌ವೇಟ್ ಪಟ್ಟ ಗೆದ್ದು, ಅಮೆರಿಕದ ನೆಲದಲ್ಲಿ ಹುಟ್ಟಿದ ಕಪ್ಪು ವರ್ಣೀಯರಲ್ಲಿ ಮೊದಲ ವಿಶ್ವ ಚಾಂಪಿಯನ್ ಎನಿಸಿದರು. ಜ್ಯಾಕ್ ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್ ಅವರನ್ನು ಸೋಲಿಸಿದ್ದು 1908ರ ಡಿಸೆಂಬರ್ 26ರಂದು. ಅವರು ಮೊದಲಿಗರಾದದ್ದು ಹೆವಿವೇಟ್ ವಿಭಾಗದಲ್ಲಿ. ಹೀಗೆ ನೋಡಿದರೆ ಆ ಹುಡುಗನ ಉತ್ತರವೂ ಪೂರ್ತಿ ಸರಿಯಲ್ಲ, ಆ ಮಾತನ್ನು ನಾನು ಮುಚ್ಚಿಡುವುದಿಲ್ಲ. ಪ್ರಶ್ನೆ ಕೇಳಿದ ರೀತಿಗೆ ಡಿಕ್ಸನ್ ಅವರ ಹೆಸರೇ ಉತ್ತರ. ಆದರೆ ಅಂಕ ಪಡೆದ ಉತ್ತರಕ್ಕಿಂತ ಅವನ ಉತ್ತರ ಸತ್ಯಕ್ಕೆ ಆರು ವರ್ಷ ಹತ್ತಿರವಾಗಿತ್ತು.

‘ಹೆವಿವೇಟ್’ ಎಂಬ ಒಂದು ಪದ ಬಿಟ್ಟುಹೋದದ್ದಕ್ಕೆ ಇಷ್ಟು ಉದ್ದದ ಪತ್ರವೇ ಎಂದು ತಾವು ಕೇಳಬಹುದು. ಆ ಪದ ಬಿಟ್ಟುಹೋದಾಗ ಇತಿಹಾಸದ ಅರ್ಥವೇ ತಿರುವುಮುರುವಾಗುತ್ತದೆ ಎಂಬುದೇ ನನ್ನ ವಾದ. ಹೆವಿವೇಟ್ ಪಟ್ಟ ಆ ಕಾಲದಲ್ಲಿ ಬಿಳಿಯರ ಗಂಡಸುತನದ ಕುರುಹಾಗಿತ್ತು. ಜಾನ್ ಎಲ್. ಸಲಿವನ್ ಚಾಂಪಿಯನ್ ಆಗಿದ್ದಾಗ ಕಪ್ಪು ವರ್ಣೀಯರ ಜೊತೆ ಕಣಕ್ಕಿಳಿಯುವುದಿಲ್ಲವೆಂದು ಬಹಿರಂಗವಾಗಿ ಹೇಳಿ, ಪೀಟರ್ ಜ್ಯಾಕ್ಸನ್ ಅವರಂಥ ಸಮರ್ಥರಿಗೆ ಅವಕಾಶವನ್ನೇ ಕೊಡಲಿಲ್ಲ. ಜಿಮ್ ಜೆಫ್ರೀಸ್ ಪಟ್ಟದಲ್ಲಿದ್ದಷ್ಟು ದಿನ ಜಾನ್ಸನ್ ಅವರನ್ನು ಎದುರಿಸದೆ ನಿವೃತ್ತರಾದರು. ಆಗಿನವರು ಇದನ್ನು ‘ಬಣ್ಣದ ಗೆರೆ’ ಎಂದು ಕರೆಯುತ್ತಿದ್ದರು. ಬಾಗಿಲು ಅಷ್ಟು ಬಿಗಿಯಾಗಿ ಮುಚ್ಚಿರದಿದ್ದ ಕಡಿಮೆ ತೂಕದ ವಿಭಾಗಗಳಲ್ಲಿ ಕಪ್ಪು ವರ್ಣೀಯರು 1890ರಿಂದಲೇ ಗೆಲ್ಲುತ್ತಿದ್ದರು. 1908ರಲ್ಲಿ ‘ಮೊದಲ ಬಾರಿ’ ಗೆದ್ದರು ಎಂದು ಮಕ್ಕಳಿಗೆ ಕಲಿಸಿದರೆ, ಅಲ್ಲಿಯವರೆಗೆ ಅವರಿಗೆ ಗೆಲ್ಲುವ ಶಕ್ತಿ ಇರಲಿಲ್ಲವೆಂದು ಮಕ್ಕಳು ತಿಳಿಯುತ್ತಾರೆ. ಶಕ್ತಿ ಇತ್ತು, ಕಣಕ್ಕೆ ಬಿಡುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಹೇಳದ ಬರಹ, ಬಾಗಿಲು ಮುಚ್ಚಿದವರ ಪರವಾಗಿ ತಿಳಿಯದೆಯೇ ಸಾಕ್ಷಿ ನುಡಿದಂತಾಗುತ್ತದೆ.

ಗ್ಯಾನ್ಸ್ ಹುಟ್ಟಿದ್ದು 1874ರ ನವೆಂಬರಿನಲ್ಲಿ. ಅವರನ್ನು ಸಾಕಿ ಬೆಳೆಸಿದ ತಾಯಿ ಮರಾಯಾ ಗ್ಯಾಂಟ್. ಬಾಲ್ಟಿಮೋರ್ ಬಂದರಿನ ಬದಿಯ ಮೀನು ಮಾರುಕಟ್ಟೆಯಲ್ಲಿ ಸಿಂಪಿ ಬಿಡಿಸುವ ಕೆಲಸ ಮಾಡುತ್ತಿದ್ದ ಈ ಹುಡುಗ ಗ್ಲೌಸ್ ತೊಟ್ಟಿದ್ದು ‘ಬ್ಯಾಟಲ್ ರಾಯಲ್’ ಎಂಬ ಒಂದು ಹೀನ ಮನರಂಜನೆಯ ಮೂಲಕ. ನಾಲ್ಕೈದು ಅಥವಾ ಇನ್ನೂ ಹೆಚ್ಚು ಕಪ್ಪು ಹುಡುಗರನ್ನು, ಕೆಲವೊಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ, ಒಟ್ಟಿಗೇ ಕಣದೊಳಗೆ ಬಿಟ್ಟು ಒಬ್ಬನೇ ಉಳಿಯುವವರೆಗೆ ಬಡಿದಾಡಿಸಿ, ಕೊನೆಗೆ ನಿಂತವನಿಗೆ ಪ್ರೇಕ್ಷಕರು ಚಿಲ್ಲರೆ ಎಸೆಯುತ್ತಿದ್ದರು. ಆ ಗೊಂದಲದಲ್ಲಿ ಉಳಿದು ಬಂದವರಿಗೆ ಎರಡರಲ್ಲಿ ಒಂದು ದಕ್ಕುತ್ತಿತ್ತು: ಮುರುಕು ಮೂಗು, ಇಲ್ಲವೇ ಯಾರ ಕೈ ಎಲ್ಲಿಂದ ಬರುತ್ತದೆಂದು ಮೊದಲೇ ಅರಿಯುವ ಕಣ್ಣು. ಗ್ಯಾನ್ಸ್ ಅವರಿಗೆ ಆ ಕಣ್ಣು ದಕ್ಕಿತು. ಎದುರಾಳಿಯ ಹೊಡೆತವನ್ನು ಗಾಳಿಯಲ್ಲೇ ತಡೆದು, ಕಾಲನ್ನು ಅನಗತ್ಯವಾಗಿ ಒಂದು ಗೇಣೂ ಸರಿಸದೆ, ನೇರ ಎಡಗೈಯಿಂದ ಅಳೆದು ಹೊಡೆಯುವ ಅವರ ರೀತಿಯನ್ನು ನೋಡಿ ಜನ ಅವರನ್ನು ‘ಓಲ್ಡ್ ಮಾಸ್ಟರ್’ ಎಂದು ಕರೆದರು. ನಮ್ಮ ಗರಡಿ ಮನೆಗಳಲ್ಲಿ ಇದಕ್ಕೆ ತಕ್ಕ ಮಾತೇ ಇದೆ: ವಸ್ತಾದ್. ಕನ್ನಡದ ಕೆಲವು ಬರಹಗಳಲ್ಲಿ ಈ ಬಿರುದನ್ನು ‘ಮುದಿ ಒಡೆಯ’ ಎಂದು ಪದಕ್ಕೆ ಪದ ಇಳಿಸಿರುವುದನ್ನು ಓದಿ ಮನಸ್ಸಿಗೆ ನೋವಾಯಿತು. ಮೂವತ್ತೈದು ವರ್ಷಕ್ಕೇ ತೀರಿಕೊಂಡ ಮನುಷ್ಯನನ್ನು ಮುದಿಯೆಂದು ಕರೆಯುವ ಮೊದಲು, ವಿದ್ಯೆಯಲ್ಲಿ ಹಿರಿಯನಾದವನಿಗೆ ನಮ್ಮ ಭಾಷೆಯಲ್ಲಿ ಏನೆನ್ನುತ್ತಾರೆಂದು ಒಂದು ಕ್ಷಣ ಯೋಚಿಸಬಹುದಾಗಿತ್ತು.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಬಳಿ ಇರುವ ಒಂದು ಸ್ಮರಣ ಸಂಚಿಕೆಯಲ್ಲಿ ಬಾಕ್ಸಿಂಗ್ ಕುರಿತ ಲೇಖನವಿದೆ. ಅದರಲ್ಲಿ ಬಿಳಿಯ ಚಾಂಪಿಯನ್‌ಗಳಾದ ಸಲಿವನ್, ಕಾರ್ಬೆಟ್, ಜೆಫ್ರೀಸ್ ಎಲ್ಲರೂ ‘ಅವರು’, ‘ಗೆದ್ದರು’, ‘ನಿವೃತ್ತರಾದರು’. ಡಿಕ್ಸನ್, ಗ್ಯಾನ್ಸ್, ಜಾನ್ಸನ್ ಮಾತ್ರ ‘ಅವನು’, ‘ಗೆದ್ದ’, ‘ಸತ್ತ’. ಬರೆದವರು ಬೇಕೆಂದೇ ಹೀಗೆ ಮಾಡಿದ್ದಾರೆಂದು ನಾನು ಖಂಡಿತ ಭಾವಿಸುವುದಿಲ್ಲ. ಆದರೆ ಏಕವಚನ ಬಹುವಚನಗಳಲ್ಲಿ ಮರ್ಯಾದೆ ಅಳೆಯುವ ನುಡಿ ನಮ್ಮದು. ಯಾರಿಗೆ ಯಾವುದು ಎಂಬುದು ನಮ್ಮ ಊರುಗಳಲ್ಲಿ ಜಾತಿಯ ಮೇಲೆ ಹೇಗೆ ನಿರ್ಧಾರವಾಗುತ್ತಿತ್ತೆಂದು ಬಲ್ಲವರು ನಾವು. ಲೇಖನಿಯ ಈ ಅಭ್ಯಾಸ ಎಲ್ಲಿಂದ ಬಂತೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಗ್ಯಾನ್ಸ್ ಅವರ ಹೆಸರು ಕನ್ನಡದಲ್ಲಿ ಅಪರೂಪಕ್ಕೆ ಬಂದಾಗ ಅದು ಬರುವುದು 1900ರ ಶಿಕಾಗೋ ಪಂದ್ಯದ ಕಳಂಕದ ಜೊತೆಗೆ. ಅದನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಆ ವರ್ಷದ ಡಿಸೆಂಬರ್ 13ರಂದು ಶಿಕಾಗೋದ ಟ್ಯಾಟರ್ಸಾಲ್ಸ್ ಸಭಾಂಗಣದಲ್ಲಿ ಅವರು ಟೆರಿ ಮೆಕ್‌ಗವರ್ನ್ ಎದುರು ಎರಡನೆಯ ಸುತ್ತಿನಲ್ಲೇ ನೆಲಕ್ಕುರುಳಿದರು. ಮೆಕ್‌ಗವರ್ನ್ ಉಗ್ರ ಹೊಡೆತಗಾರರು ನಿಜ, ಆದರೆ ತೂಕದಲ್ಲಿ ಕಡಿಮೆಯವರು. ಗ್ಯಾನ್ಸ್ ಅವರ ಕೈಗಳು ಆ ರಾತ್ರಿ ಆಡಬೇಕಾದಂತೆ ಆಡಲಿಲ್ಲ. ರೆಫರಿಯಾಗಿದ್ದ ಜಾರ್ಜ್ ಸೈಲರ್ ಪತ್ರಕರ್ತರೂ ಆಗಿದ್ದರು. ಗ್ಯಾನ್ಸ್ ನಿಜವಾಗಿ ಪ್ರಯತ್ನಪಟ್ಟಿದ್ದರೆ ತನಗೆ ಈ ಆಟವೇ ತಿಳಿಯದೆಂಬ ಅರ್ಥದಲ್ಲಿ ಮರುದಿನವೇ ಬರೆದರು. ಗದ್ದಲ ಎಷ್ಟಾಯಿತೆಂದರೆ ಶಿಕಾಗೋ ನಗರ ಬಾಕ್ಸಿಂಗನ್ನೇ ನಿಷೇಧಿಸಿತು, ಇಲಿನಾಯ್ ರಾಜ್ಯದಲ್ಲಿ ಅದಕ್ಕೆ ಮತ್ತೆ ಕಾನೂನಿನ ಮಾನ್ಯತೆ ಸಿಗುವ ಹೊತ್ತಿಗೆ 1926 ಬಂದಿತ್ತು. ಸೋಲುವಂತೆ ತನಗೆ ಅಪ್ಪಣೆಯಾಗಿತ್ತೆಂದು ಗ್ಯಾನ್ಸ್ ಅವರೇ ಮುಂದೆ ಹೇಳಿಕೊಂಡದ್ದು ಆಗಿನ ಪತ್ರಿಕೆಗಳಲ್ಲಿ ವರದಿಯಾಯಿತು.

ಅಂದು ಅವರು ಮಾಡಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಹಣ ಕಟ್ಟಿ ಟಿಕೆಟ್ ಕೊಂಡವರಿಗೆ ಅದು ಮೋಸ. ಆದರೆ ಕಥೆಯನ್ನು ಅಷ್ಟಕ್ಕೇ ನಿಲ್ಲಿಸುವುದು ಇನ್ನೊಂದು ತಪ್ಪು. ಗ್ಯಾನ್ಸ್ ಅವರ ವ್ಯವಹಾರವೆಲ್ಲ ಬಾಲ್ಟಿಮೋರಿನ ಅಲ್ ಹರ್ಫೋರ್ಡ್ ಎಂಬ ಬಿಳಿಯ ವ್ಯವಸ್ಥಾಪಕರ ಕೈಯಲ್ಲಿತ್ತು. ಪಂದ್ಯ ಗೊತ್ತುಮಾಡುವವರು ಅವರು, ಹಣದ ಒಪ್ಪಂದ ಮಾಡುವವರು ಅವರು, ಬಾಜಿ ಕಟ್ಟುವವರೂ ಅವರೇ. ಕಪ್ಪು ಬಾಕ್ಸರ್ ಒಬ್ಬ ಬಿಳಿಯ ವ್ಯವಸ್ಥಾಪಕನಿಲ್ಲದೆ ದೊಡ್ಡ ಪಂದ್ಯ ಪಡೆಯುವುದು ಆಗ ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಮಾತು ಮೀರಿದವನಿಗೆ ಮರುದಿನದಿಂದ ಪಂದ್ಯವಿಲ್ಲ, ಊಟವಿಲ್ಲ. ಬಾಜಿಯ ಹಣ ಯಾರ ಜೇಬಿಗೆ ಹೋಯಿತೆಂದು ಕೇಳದೆ ಬಿದ್ದವನ ಹೆಸರನ್ನು ಮಾತ್ರ ಮಸಿ ಮಾಡುವ ಬರವಣಿಗೆ ನ್ಯಾಯದ್ದಲ್ಲ. ಕ್ರಿಕೆಟ್ಟಿನ ಮೋಸದಾಟಗಳ ಬಗ್ಗೆ ಬರೆಯುವಾಗ ಬುಕ್ಕಿಗಳ ಜಾಲವನ್ನು ಎಳೆಎಳೆಯಾಗಿ ಬಿಡಿಸಿ ತೋರಿಸುವ ನಮ್ಮ ಪತ್ರಕರ್ತರಿಗೆ ಈ ವಿವೇಕ ಹೊಸದೇನೂ ಅಲ್ಲ.

ಪಟ್ಟ ಗೆದ್ದ ಪಂದ್ಯ ಚಿಕ್ಕದು, ಆದ್ದರಿಂದ ಚಿಕ್ಕದಾಗಿಯೇ ಹೇಳುತ್ತೇನೆ. ಆಗ ಲೈಟ್‌ವೇಟ್ ಚಾಂಪಿಯನ್ ಆಗಿದ್ದ ಫ್ರಾಂಕ್ ಅರ್ನ್ ಎದುರು 1900ರಲ್ಲಿ ಕಣ್ಣಿನ ಗಾಯದಿಂದ ಹನ್ನೆರಡನೆಯ ಸುತ್ತಿನಲ್ಲಿ ಕೈಚೆಲ್ಲಿದ್ದ ಗ್ಯಾನ್ಸ್ ಅವರನ್ನು ಅಂಜುಬುರುಕನೆಂದು ಜರೆದವರು ಬಹಳ. ನ್ಯೂಯಾರ್ಕ್ ರಾಜ್ಯದಲ್ಲಿ ಬಾಕ್ಸಿಂಗ್‌ಗೆ ಅವಕಾಶ ಕೊಟ್ಟಿದ್ದ ಕಾನೂನು ಅದೇ ವರ್ಷ ರದ್ದಾಗಿದ್ದರಿಂದ, ಎರಡು ವರ್ಷಗಳ ಬಳಿಕ ಇಬ್ಬರೂ ಮತ್ತೆ ಎದುರಾದದ್ದು ನಯಾಗರ ನದಿಯ ಆಚೆ ದಡದ, ಕೆನಡಾದ ಫೋರ್ಟ್ ಈರಿ ಊರಿನಲ್ಲಿ. ಈ ಸಲ ಅರ್ನ್ ಎರಡು ನಿಮಿಷವೂ ನಿಲ್ಲಲಿಲ್ಲ. ಅಲ್ಲಿಂದ ಆರು ವರ್ಷ ಗ್ಯಾನ್ಸ್ ಲೈಟ್‌ವೇಟ್ ಪಟ್ಟದಲ್ಲಿದ್ದರು. ಬೋಸ್ಟನ್ನಿನಲ್ಲಿ ಸ್ಯಾಮ್ ಲ್ಯಾಂಗ್‌ಫರ್ಡ್ ಎದುರು ಸೋತರು, ತಮಗಿಂತ ಭಾರದ ವಾಲ್ಕಾಟ್ ಎದುರು ಇಪ್ಪತ್ತು ಸುತ್ತು ಆಡಿ ಸಮ ಮಾಡಿಕೊಂಡರು. 1904ರಲ್ಲಿ ಬಾಲ್ಟಿಮೋರಿನಲ್ಲೇ ಅವರೆದುರು ಹದಿನೈದು ಸುತ್ತು ನಿಂತು ಸೋತ ಜ್ಯಾಕ್ ಬ್ಲ್ಯಾಕ್‌ಬರ್ನ್ ಮುಂದೆ ಜೋ ಲೂಯಿಸ್ ಅವರಿಗೆ ವಿದ್ಯೆ ಹೇಳಿಕೊಟ್ಟು 1937ರಲ್ಲಿ ಹೆವಿವೇಟ್ ಪಟ್ಟಕ್ಕೇರಿಸಿದರು. ಜೋ ಲೂಯಿಸ್ ಅವರ ಬಗ್ಗೆ ಕನ್ನಡದಲ್ಲಿ ಬರೆದವರಿದ್ದಾರೆ. ಅವರ ಗುರು ಯಾರ ಕೈಯ ರುಚಿ ಕಂಡಿದ್ದರೆಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಬಹುದಲ್ಲವೇ?

ಈಗ ನಾನು ಬಹುವಾಗಿ ಹೇಳಬೇಕೆಂದಿರುವ ಪಂದ್ಯಕ್ಕೆ ಬರುತ್ತೇನೆ. 1906ರ ಸೆಪ್ಟೆಂಬರ್ 3, ನೆವಾಡಾ ಮರುಭೂಮಿಯ ಗೋಲ್ಡ್‌ಫೀಲ್ಡ್ ಎಂಬ ಚಿನ್ನದ ಗಣಿಯ ಊರು. ಊರಿನ ಹೆಸರನ್ನೂ ಗಣಿಗಳ ಷೇರುಗಳನ್ನೂ ದೇಶಕ್ಕೆಲ್ಲ ಪರಿಚಯಿಸಲು ಅಲ್ಲಿನ ಹಣವಂತರು ಒಂದು ದೊಡ್ಡ ಪಂದ್ಯ ಬೇಕೆಂದರು. ಮುಂದಾಳಾಗಿ ನಿಂತವರು ಹೆಂಡದಂಗಡಿ ನಡೆಸುತ್ತಿದ್ದ ಟೆಕ್ಸ್ ರಿಕಾರ್ಡ್, ಮುಂದೆ ನ್ಯೂಯಾರ್ಕಿನ ಮೂರನೆಯ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣ ಕಟ್ಟಿಸಿದವರು. ಅವರು ಬಹುಮಾನದ ಮೊತ್ತವನ್ನು ಚಿನ್ನದ ನಾಣ್ಯಗಳಾಗಿ ಬ್ಯಾಂಕಿನ ಕಿಟಕಿಯಲ್ಲಿ ರಾಶಿ ಹಾಕಿ ತೋರಿಸಿದರು. ಎದುರಾಳಿ ‘ಬ್ಯಾಟ್ಲಿಂಗ್’ ನೆಲ್ಸನ್, ಎಷ್ಟು ಹೊಡೆದರೂ ಹಿಂದೆ ಸರಿಯದವರೆಂದು ಹೆಸರಾದವರು.

ಒಪ್ಪಂದದ ಷರತ್ತುಗಳನ್ನು ದಯವಿಟ್ಟು ಗಮನವಿಟ್ಟು ಓದಿರಿ. ಪಟ್ಟದಲ್ಲಿದ್ದವರು ಗ್ಯಾನ್ಸ್, ಆದರೆ ಬಹುಮಾನದ ದೊಡ್ಡ ಪಾಲು, ಇಪ್ಪತ್ತು ಸಾವಿರ ಡಾಲರಿಗೂ ಮೀರಿದ ಹಣ, ನೆಲ್ಸನ್ ಅವರಿಗೆ. ಗ್ಯಾನ್ಸ್ ಅವರಿಗೆ ಅದರ ಅರ್ಧದಷ್ಟು ಮಾತ್ರ. ತೂಕ 133 ಪೌಂಡು, ಅಂದರೆ ಸುಮಾರು 60 ಕಿಲೋ, ಮೀರಕೂಡದು. ತೂಗಬೇಕಾದದ್ದು ಹಿಂದಿನ ದಿನವಲ್ಲ, ಪಂದ್ಯದ ದಿನವೇ, ಒಂದಕ್ಕಿಂತ ಹೆಚ್ಚು ಸಲ, ಅದೂ ಕಣಕ್ಕಿಳಿಯುವ ಉಡುಪಿನಲ್ಲಿ. ಬೂಟಿನ ತೂಕವೂ ಗ್ಯಾನ್ಸ್ ಅವರ ಮೈತೂಕದ ಲೆಕ್ಕಕ್ಕೇ ಸೇರಿತು. ದೊಡ್ಡ ಮೂಳೆಯ, ಮೂವತ್ತೊಂದರ ವಯಸ್ಸಿನ ಆ ದೇಹಕ್ಕೆ ಇದು ಹೊಟ್ಟೆಗೂ ನೀರಿಗೂ ಕಡಿವಾಣ ಹಾಕಿದಂತೆ. ಒಪ್ಪಿಕೊಂಡರೇಕೆ ಎಂದರೆ ಹರ್ಫೋರ್ಡ್ ಅವರಿಂದ ಆಗಲೇ ದೂರವಾಗಿದ್ದ ಗ್ಯಾನ್ಸ್ ಹಣದ ಮುಗ್ಗಟ್ಟಿನಲ್ಲಿದ್ದರು, ಅದು ಎದುರು ಪಕ್ಷಕ್ಕೆ ಚೆನ್ನಾಗಿ ಗೊತ್ತಿತ್ತು. ಸುತ್ತುಗಳ ಮಿತಿಯೂ ಇರಲಿಲ್ಲ. ಒಬ್ಬರು ಉಳಿಯುವವರೆಗೆ ಪಂದ್ಯ.

ಸೆಪ್ಟೆಂಬರಿನ ಬಿಸಿಲಿನಲ್ಲಿ ನಡುಮಧ್ಯಾಹ್ನದ ನಂತರ ಆರಂಭವಾದ ಕಾಳಗ ನಲವತ್ತೆರಡು ಸುತ್ತು ನಡೆಯಿತು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ ಎಂದು ಲೆಕ್ಕ ಹಾಕಿದರೆ ಎರಡೂಮುಕ್ಕಾಲು ಗಂಟೆಯ ಹೊಡೆದಾಟ. ಇಂದು ಪಟ್ಟಕ್ಕಾಗಿ ಆಡುವವರು ಹನ್ನೆರಡು ಸುತ್ತಿಗೆ ನಿಲ್ಲಿಸುತ್ತಾರೆ. ಅರ್ಧಕ್ಕೂ ಹೆಚ್ಚು ದಾರಿ ಸಾಗಿದ ಮೇಲೆ ಗ್ಯಾನ್ಸ್ ಅವರ ಬಲಗೈಯ ಮೂಳೆ ಮುರಿಯಿತು. ಕೈಗೆ ಪೆಟ್ಟಾಗಿದೆಯೆಂದು ನೆಲ್ಸನ್ ಅವರಿಗೆ ಗೊತ್ತಾಗಬಾರದೆಂದು ಅವರು ಕಾಲು ಉಳುಕಿದವರಂತೆ ಕುಂಟಿ ತೋರಿಸಿ, ಎಡಗೈಯ ಮೇಲೆಯೇ ಪಂದ್ಯವನ್ನು ಎಳೆದುಕೊಂಡು ಹೋದರೆಂದು ಆ ಕಣವನ್ನು ಕಂಡವರು ದಾಖಲಿಸಿದ್ದಾರೆ. ನೆಲ್ಸನ್ ತಲೆಯಿಂದ ಗುದ್ದಿದರು, ಮೊಣಕೈ ಬಳಸಿದರು. ಕೆಳಗೆ ಬಿದ್ದ ಎದುರಾಳಿಯನ್ನು ಗ್ಯಾನ್ಸ್ ಕೈಹಿಡಿದು ಎತ್ತಿದ್ದೂ ಉಂಟು. ನಲವತ್ತೆರಡನೆಯ ಸುತ್ತಿನಲ್ಲಿ ನೆಲ್ಸನ್ ಸೊಂಟದ ಕೆಳಗೆ ಹೊಡೆದರು, ಗ್ಯಾನ್ಸ್ ಕುಸಿದರು, ರೆಫರಿ ನೆಲ್ಸನ್ ಅವರನ್ನು ಅನರ್ಹಗೊಳಿಸಿದರು. ಆ ರೆಫರಿ ಬೇರೆ ಯಾರೂ ಅಲ್ಲ, ಆರು ವರ್ಷಗಳ ಹಿಂದೆ ಶಿಕಾಗೋದಲ್ಲಿ ಗ್ಯಾನ್ಸ್ ಅವರ ಪ್ರಾಮಾಣಿಕತೆಯನ್ನು ಅನುಮಾನಿಸಿ ಬರೆದ ಅದೇ ಜಾರ್ಜ್ ಸೈಲರ್. ಶಿಕಾಗೋದ ಕಥೆ ಬರೆಯುವವರು ಗೋಲ್ಡ್‌ಫೀಲ್ಡಿನ ಕಥೆಯನ್ನೂ ಅದರ ಪಕ್ಕದಲ್ಲೇ ಇಡಬೇಕೆಂದು ನಾನು ಕೇಳುವುದು ಈ ಕಾರಣಕ್ಕೆ.

ಪಂದ್ಯಕ್ಕೆ ಮುನ್ನ ತಾಯಿ ಮರಾಯಾ ಗ್ಯಾಂಟ್ ಕಳಿಸಿದ ತಂತಿಯಲ್ಲಿ, ಗೆದ್ದು ಮನೆಗೆ ಬೇಕನ್ (ಉಪ್ಪು ಹಚ್ಚಿದ ಹಂದಿಮಾಂಸ) ತಾ ಎಂಬ ಮಾತಿತ್ತು. ಆಮೇಲೆ ಅದು ಪತ್ರಿಕೆಗಳಲ್ಲಿ ಅಚ್ಚಾಯಿತು. ಸಂಸಾರಕ್ಕೆ ದುಡಿದು ತರುವುದನ್ನು ಇಂಗ್ಲಿಷಿನವರು ಇಂದಿಗೂ ಈ ಮಾತಿನಲ್ಲೇ ಹೇಳುತ್ತಾರೆ, ಅದು ಊರೂರಿಗೆ ಹರಡಿದ್ದರಲ್ಲಿ ಆ ತಾಯಿಯ ತಂತಿಯ ಪಾಲು ದೊಡ್ಡದು.

ಮಗ ತಂದ ಹಣ ಬಾಲ್ಟಿಮೋರಿನಲ್ಲಿ ಕಟ್ಟಡವಾಯಿತು. ಲೆಕ್ಸಿಂಗ್ಟನ್ ಮತ್ತು ಕಾಲ್ವಿನ್ ರಸ್ತೆಗಳು ಕೂಡುವಲ್ಲಿ ಗ್ಯಾನ್ಸ್ 1907ರಲ್ಲಿ ಹೋಟೆಲೊಂದನ್ನು ತೆರೆದು ಅದಕ್ಕೆ ಗೋಲ್ಡ್‌ಫೀಲ್ಡ್ ಎಂದೇ ಹೆಸರಿಟ್ಟರು. ಬಣ್ಣ ನೋಡಿ ಒಳಗೆ ಬಿಡುವ ನಗರದಲ್ಲಿ ಕಪ್ಪು ವರ್ಣೀಯನೊಬ್ಬ ಒಡೆಯನಾಗಿದ್ದ ಆ ಹೋಟೆಲಿಗೆ ಬಿಳಿಯರೂ ಬಂದು ಕುಳಿತರು. ಆಗಿನ್ನೂ ತರುಣರಾಗಿದ್ದ, ಮುಂದೆ ಬ್ರಾಡ್‌ವೇ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಯೂಬಿ ಬ್ಲೇಕ್ ಅಲ್ಲಿ ಪಿಯಾನೊ ನುಡಿಸುತ್ತಿದ್ದರು. ಈಗ ಆ ಜಾಗದಲ್ಲಿ ನಗರದ ಮುಖ್ಯ ಅಂಚೆ ಕಚೇರಿ ಇದೆ. ಊರಿಗೆ ಪಾರ್ಸೆಲ್ ಕಳಿಸಲೆಂದು ನಾನು ಅಲ್ಲಿ ಎಷ್ಟು ಸಲ ಸಾಲಿನಲ್ಲಿ ನಿಂತಿದ್ದೇನೋ ಲೆಕ್ಕವಿಲ್ಲ. ‘ನೀನು ನಿಂತಿರುವುದು ಜೋ ಗ್ಯಾನ್ಸ್ ಅವರ ಹಜಾರದಲ್ಲಿ’ ಎಂದು ಅದೇ ಸಾಲಿನಲ್ಲಿದ್ದ ಒಬ್ಬ ವೃದ್ಧರು ಒಂದು ದಿನ ಹೇಳಿದಾಗಲೇ ಆ ಹೆಸರನ್ನು ನಾನು ಮೊದಲು ಕೇಳಿದ್ದು. ಆಮೇಲೆ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮುಂದೆ ಕುಳಿತದ್ದು, ಓದಿದ್ದು, ಬರೆದುಕೊಂಡದ್ದು ಎಲ್ಲಕ್ಕೂ ಆ ಹಿರಿಯರ ಮಾತೇ ಕಾರಣ.

1908ರಲ್ಲಿ ನೆಲ್ಸನ್ ಎದುರು ಎರಡು ಸಲ ಸೋತು ಗ್ಯಾನ್ಸ್ ಪಟ್ಟ ಕಳೆದುಕೊಂಡರು. ಅಷ್ಟು ಹೊತ್ತಿಗೆ ಕ್ಷಯ ಅವರ ಶ್ವಾಸಕೋಶ ಸೇರಿತ್ತು. ‘ಕುಡಿತ ಮತ್ತು ದುಂದುಗಾರಿಕೆಯಿಂದ ಹಾಳಾದ’ ಎಂದು ಕನ್ನಡದಲ್ಲಿ ಒಬ್ಬರು ಬರೆದಿದ್ದಾರೆ. ದಶಕಗಳ ಕಾಲ ಕಫದ ಮಾದರಿಯಲ್ಲಿ ಕ್ಷಯದ ರೋಗಾಣು ಹುಡುಕುವ ಕೆಲಸ ಮಾಡಿದವನಾಗಿ ಇದನ್ನು ನಾನು ಒಪ್ಪಲಾರೆ. ಕ್ಷಯ ಬರುವುದು ರೋಗಾಣುವಿನಿಂದ. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಮನೆಗಳಲ್ಲಿ ಅದು ಹರಡುತ್ತದೆ, ಹೊಟ್ಟೆಗಿಲ್ಲದೆ ಸೊರಗಿದ ದೇಹದಲ್ಲಿ ಬೇಗ ಬೆಳೆಯುತ್ತದೆ. ಬಾಲ್ಟಿಮೋರಿನ ಕಪ್ಪು ವರ್ಣೀಯರ ಬಡಾವಣೆಗಳು ಆಗ ಈ ರೋಗದ ಮನೆಯಾಗಿದ್ದವು. ಷರತ್ತಿನ ತೂಕಕ್ಕಾಗಿ ಪದೇಪದೇ ಮೈ ಒಣಗಿಸಿಕೊಳ್ಳುತ್ತಿದ್ದವರಿಗೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಔಷಧಿ ಎಂಬುದು ಆಗ ಇರಲೇ ಇಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ಒಣಹವೆ ಅರಸಿ ಅರಿಜೋನಾಕ್ಕೆ ಹೋಗಿದ್ದ ಗ್ಯಾನ್ಸ್, ಉಳಿಯುವುದಿಲ್ಲವೆಂದು ಖಚಿತವಾದ ಮೇಲೆ, ತಾಯಿಯ ಬಳಿ ಸಾಯಬೇಕೆಂದು ರೈಲಿನಲ್ಲಿ ಊರಿಗೆ ಮರಳಿದರು. 1910ರ ಆಗಸ್ಟ್ 10ರಂದು ತೀರಿಕೊಂಡರು. ಅದಕ್ಕೆ ಸುಮಾರು ಐದು ವಾರ ಮೊದಲು, ಜುಲೈ 4ರಂದು, ರೀನೋ ನಗರದಲ್ಲಿ ಜಾನ್ಸನ್ ಅವರು ಜೆಫ್ರೀಸ್ ಅವರನ್ನು ಸೋಲಿಸಿದ್ದರು. ಅದನ್ನು ಸಹಿಸದ ಬಿಳಿಯರ ಗುಂಪುಗಳು ಹಲವು ನಗರಗಳಲ್ಲಿ ಕಪ್ಪು ವರ್ಣೀಯರ ಮೇಲೆ ಬಿದ್ದಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಲ್ಟಿಮೋರ್ ನಗರ, ಯಾವ ಬಣ್ಣದವರು ಯಾವ ಬೀದಿಯಲ್ಲಿ ಮನೆ ಮಾಡಬೇಕೆಂದು ಗೆರೆ ಎಳೆಯುವ ಶಾಸನ ತಂದಿತು. ದೇಶದಲ್ಲಿ ಆ ಬಗೆಯದು ಅದೇ ಮೊದಲು.

ಗ್ಯಾನ್ಸ್ ಅವರನ್ನು ಮಣ್ಣು ಮಾಡಿದ್ದು ನಗರದ ದಕ್ಷಿಣಕ್ಕಿರುವ ಮೌಂಟ್ ಆಬರ್ನ್ ಸ್ಮಶಾನದಲ್ಲಿ. 1872ರಲ್ಲಿ ಕಪ್ಪು ವರ್ಣೀಯರ ಚರ್ಚೊಂದು ತನ್ನವರಿಗಾಗಿ ಕೊಂಡ ಭೂಮಿ ಅದು. ದಶಕಗಳ ಕಾಲ ಅಲ್ಲಿ ಮುಳ್ಳುಗಂಟಿ ಬೆಳೆದು ಸಮಾಧಿಗಳೇ ಕಾಣದಾಗಿದ್ದವು, ಈಚಿನ ವರ್ಷಗಳಲ್ಲಿ ಜನ ಸೇರಿ ಬಿಡಿಸಿದ್ದಾರೆ. ರಸಪ್ರಶ್ನೆ ನಡೆದ ಮುಂದಿನ ಭಾನುವಾರ ಆ ಹುಡುಗನನ್ನೂ ಅವನ ತಂದೆತಾಯಿಯರನ್ನೂ ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ‘ಅಂಕಲ್, ಬುಕ್ಕಿನಲ್ಲಿ ಯಾಕೆ ಇವರ ಹೆಸರಿಲ್ಲ?’ ಎಂದು ಅವನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ಅದಕ್ಕೇ ಆ ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ಜ್ಯಾಕ್ ಜಾನ್ಸನ್ ಅವರ ಹೆಸರಿನ ಹಿಂದೆ ‘ಹೆವಿವೇಟ್ ವಿಭಾಗದ ಮೊದಲ’ ಎಂದು ಸ್ಪಷ್ಟವಾಗಿ ಬರೆಯಿರಿ. ಅದರಿಂದ ಅವರ ಕೀರ್ತಿ ಎಳ್ಳಷ್ಟೂ ಕುಂದುವುದಿಲ್ಲ. ಡಿಕ್ಸನ್, ವಾಲ್ಕಾಟ್, ಗ್ಯಾನ್ಸ್ ಈ ಮೂವರ ಹೆಸರುಗಳು ಇಸವಿಗಳ ಸಮೇತ ಮಕ್ಕಳ ಪುಸ್ತಕಗಳಲ್ಲಿ ಬರಲಿ. ಪುಸ್ತಕಗಳ ಮುಂದಿನ ಮುದ್ರಣ ಬರುವಾಗ ಆ ಒಂದು ವಾಕ್ಯವನ್ನು ತಿದ್ದಿ, ತಿದ್ದಿದ್ದೇವೆಂದು ಮುನ್ನುಡಿಯಲ್ಲಿ ಒಂದು ಸಾಲು ಹಾಕಿದರೆ, ಹಳೆಯ ಪ್ರತಿಗಳನ್ನು ನಂಬಿ ಪ್ರಶ್ನೆ ಸಿದ್ಧಪಡಿಸುವವರಿಗೆ ಎಚ್ಚರಿಕೆ ಸಿಗುತ್ತದೆ. ಶಿಕಾಗೋ ಪಂದ್ಯದ ಬಗ್ಗೆ ಬರೆಯುವವರು ಬಾಜಿಯನ್ನೂ ವ್ಯವಸ್ಥಾಪಕರನ್ನೂ ಬಿಡದೆ ಬರೆಯಲಿ. ಆಟಗಾರರ ಬಣ್ಣ ಯಾವುದೇ ಇರಲಿ, ಒಂದೇ ಲೇಖನದಲ್ಲಿ ಒಬ್ಬರಿಗೆ ‘ಅವರು’, ಇನ್ನೊಬ್ಬರಿಗೆ ‘ಅವನು’ ಎಂಬ ಭೇದ ಇರದಂತೆ ಸಂಪಾದಕರು ಕರಡು ತಿದ್ದುವಾಗ ಕಣ್ಣಿಡಲಿ.

ನಮ್ಮ ಕಡೆಯ ಕನ್ನಡ ಕೂಟದ ಹಿರಿಯರಲ್ಲಿಯೂ ಒಂದು ಪ್ರಾರ್ಥನೆಯಿದೆ. ಕಳೆದುಹೋದ ಅಂಕಗಳನ್ನು ಹಿಂದಕ್ಕೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಈ ಬಾರಿಯ ರಾಜ್ಯೋತ್ಸವದ ವೇದಿಕೆಯಿಂದ, ಅಂದಿನ ಪ್ರಶ್ನೆಯಲ್ಲಿ ತಪ್ಪಿತ್ತು, ಗ್ಯಾನ್ಸ್ ಅವರ ಬಗ್ಗೆ ಹುಡುಗ ಹೇಳಿದ ಇಸವಿ ಸರಿಯಾಗಿತ್ತು ಎಂದು ಎರ‍ಡು ಮಾತು ಹೇಳಿ. ಅಂದು ನಕ್ಕವರೂ ಸಭೆಯಲ್ಲಿರುತ್ತಾರೆ, ಅವನೂ ಇರುತ್ತಾನೆ.

ತಮ್ಮ ವಿಶ್ವಾಸಿ,
ಬಾಲ್ಟಿಮೋರಿನ ಒಬ್ಬ ಕನ್ನಡ ಓದುಗ